ಜಗ್ಲಾಲನ ಒಂಟಿ ಜೋಡಿಪ್ರವಾಸ

"ನೀನು ಬರದಿದ್ರೆ ಟೊಬೇಗೊ ಏನು ಸಮುದ್ರದಲ್ಲಿ ಮುಳುಗಿ ಹೋಗಲ್ಲ! ಕೋಟೆ, ಜಲಪಾತ, ಹವಳದ ದಿಬ್ಬ, ಕಡಲ ಮಧ್ಯದ ಕೊಳ, ಎಲ್ಲಾನೂ ನಾನೊಬ್ಬನೇ ನೋಡ್ಕೊಂಡು ಬರ್ತೀನಿ. ನಿನ್ನ ಗೊಣಗಾಟ ಇಲ್ದೆ ಇನ್ನೂ ಚೆನ್ನಾಗಿ ಕಾಣ್ತವೆ!"

ಟ್ರಿನಿಡಾಡಿನ ಶಗ್ವಾನಸ್ ಪಟ್ಟಣದಲ್ಲಿ ಹಳೇ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ಇಟ್ಟಿದ್ದ ಜಗ್ಲಾಲ್ ಬೂಧ್ರಾಮ್, ತನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಭೀಷಣ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆಯನ್ನು ಕೇಳಬೇಕಾದವಳು, ಅಂದರೆ ಅವನ ಹೆಂಡತಿ ಸೂಮಿಂತ್ರ, ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

"ಹಡಗು ನನಗಾಗಲ್ಲ ಅಂತ ಊರಿಗೆಲ್ಲ ಗೊತ್ತು. ನಿನಗೊಬ್ಬನಿಗೆ ಗೊತ್ತಿಲ್ಲ. ಟಿಕೆಟ್ ತಗೊಳ್ಳೋ ಮುಂಚೆ ಒಂದು ಮಾತು ಕೇಳ್ಬೇಕಿತ್ತೋ ಇಲ್ವೋ?"

"ಕೇಳಿಬಿಟ್ರೆ ಅದು ಅಚ್ಚರಿ ಹೇಗಾಗುತ್ತೆ?"

"ಆಯ್ತಲ್ಲ ಈಗ ಅಚ್ಚರಿ. ಹೋಗು ಮಹಾರಾಯ. ಟೋಪಿ ಮರೀಬೇಡ, ತಲೆ ಸುಟ್ಟುಹೋದೀತು."

ಒಬ್ಬಳೇ ಮಗಳು ಮದುವೆಯಾಗಿ ದಕ್ಷಿಣದ ಕಡೆ ಹೋದ ಮೇಲೆ ಆ ಮನೆಯಲ್ಲಿ ಫ್ರಿಜ್ಜಿನ ಗೊರಗೊರ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಆ ಮೌನವನ್ನು ಮುರಿಯಲೆಂದೇ ಜಗ್ಲಾಲ್ ಈ 'ಜೋಡಿಪ್ರವಾಸ'ವನ್ನು ಗೊತ್ತುಮಾಡಿದ್ದ. ಮೌನವೇನೋ ಮುರಿಯಿತು. ಜೋಡಿಯೂ ಮುರಿಯಿತು!

ಟೊಬೇಗೊ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಅವನ ಪಕ್ಕದ ಸೀಟು ಸೂಮಿಂತ್ರಳದು. ಅಲ್ಲಿ ಅವನ ಚೀಲ ಕೂತಿತ್ತು. ಹಡಗು ಬಯಲು ಸಮುದ್ರಕ್ಕೆ ಬಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿದಾಗ, ಹೆಂಡತಿಗೆ ಆಗುತ್ತದೆಂದು ಇಡೀ ಬಂಧುಬಳಗ ನಗುತ್ತಿದ್ದದ್ದೆಲ್ಲ ಅವನಿಗೇ ಆಯಿತು. ಹೊಟ್ಟೆಯಲ್ಲಿದ್ದದ್ದು, ಇಲ್ಲದ್ದು, ಇರಬಹುದಾದದ್ದು ಎಲ್ಲ ಹೊರಬಂದಿತು. ಅಂಥ ಹೊತ್ತಿನಲ್ಲಿ ಬೆನ್ನು ನೀವುವುದು ಚೀಲಕ್ಕೆ ಬರುವುದಿಲ್ಲ.

ಕಡಲ ದಂಡೆಗೆ ಹತ್ತಿರದ ಒಂದು ಅತಿಥಿಗೃಹದಲ್ಲಿ ಅವರಿಗೆ, ಅಂದರೆ ಅವನಿಗೆ, ಕೋಣೆ ಗೊತ್ತುಮಾಡಲಾಗಿತ್ತು. ಅದರ ಒಡತಿ ಮಿಸ್ ಯೂಲಾಲಿ. ಎಪ್ಪತ್ತು ದಾಟಿದರೂ ತೆಂಗಿನ ಮರದಂತೆ ನೆಟ್ಟಗೆ ನಿಲ್ಲುವ ಹೆಂಗಸು. ಎರಡು ಕೈಯಲ್ಲಿ ಎರಡು ಎಳನೀರು ಹಿಡಿದು ಗೇಟಿನಲ್ಲೇ ಕಾಯುತ್ತಿದ್ದಳು.

"ಬಾ ಮಗನೇ ಬಾ! ಎಲ್ಲಿ ನಮ್ಮ ಮದುವಣಗಿತ್ತಿ?"

ಹೆಂಡತಿ ಜಗಳವಾಡಿ ಮನೆಯಲ್ಲೇ ಉಳಿದಳು ಎಂದು ಹೇಳಲು ಬರೀ ಮೂರು ನಾಲ್ಕು ಪದ ಸಾಕು. ಆ ಪದಗಳು ಗಂಟಲವರೆಗೆ ಬಂದು, ಎರಡು ಎಳನೀರನ್ನು ನೋಡಿ ನಾಚಿ ಒಳಗೆ ಹೋದವು.

"ಅವಳು... ಹಿಂದಿನ ಗೇಟಿನಿಂದ ಒಳಗೆ ಹೋದಳು. ಹಡಗಿನಲ್ಲಿ ಹೊಟ್ಟೆ ತೊಳಸಿ ಸುಸ್ತಾಗಿಬಿಟ್ಟಿದೆ. ಮಲಗಿದ್ದಾಳೆ."

"ಅಯ್ಯೋ ಪಾಪ! ಮಲಗಲಿ, ಮಲಗಲಿ. ಈ ಎಳನೀರು ಕೊಡು ಅವಳಿಗೆ."

ತೋಟದ ಹಿಂಬದಿಯ ಆ ಪುಟ್ಟ ಕೋಣೆಯ ಹಾಸಿಗೆಯ ತುಂಬ ದಾಸವಾಳದ ಎಸಳು ಚೆಲ್ಲಿತ್ತು. ನಡುವೆ ಟವೆಲ್ಲುಗಳನ್ನು ಮಡಿಸಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಜಗ್ಲಾಲ್ ಎರಡು ಎಳನೀರನ್ನೂ ಕುಡಿದ. ಒಂದು ಹಂಸವನ್ನು ಬಿಚ್ಚಿ ಮುಖ ಒರೆಸಿಕೊಂಡ. ಉಳಿದ ಹಂಸ ಕತ್ತು ಬಾಗಿಸಿ, ಎದುರಿಗೆ ಯಾರೂ ಇಲ್ಲದಿದ್ದರೂ ಮುತ್ತು ಕೊಡುವ ಭಂಗಿಯಲ್ಲೇ ಇತ್ತು. ಅದನ್ನು ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ.

ಬೆಳಿಗ್ಗೆ ಮಿಸ್ ಯೂಲಾಲಿ ಇಬ್ಬರ ತಿಂಡಿ ತಂದಳು: ಕೊಬ್ಬರಿ ಹಾಕಿ ಸುಟ್ಟ ದಪ್ಪ ರೊಟ್ಟಿ, ಉಪ್ಪುಮೀನಿನ ಪಲ್ಯ, ಬಿಸಿ ಕೋಕೋ. ಸುಳ್ಳಿಗೆ ಸಾಕ್ಷಿ ಬೇಕಲ್ಲ! ಜಗ್ಲಾಲ್ ಎರಡೂ ತಟ್ಟೆ ಖಾಲಿ ಮಾಡಿ ಕೊಟ್ಟ. ಮುದುಕಿ ಹುಬ್ಬೇರಿಸಿದಳು.

"ಹೊಟ್ಟೆ ಕೆಟ್ಟವಳು ಇಷ್ಟೂ ತಿಂದಳಾ? ಇದು ಒಳ್ಳೇ ಲಕ್ಷಣ ಅಲ್ಲ ಮಗನೇ. ತಾಳು, ಮದ್ದು ಮಾಡಿ ತರ್ತೀನಿ."

ತೋಟದ ಯಾವ್ಯಾವುದೋ ಸೊಪ್ಪುಗಳನ್ನು ಕುದಿಸಿ, ಕಪ್ಪಗೆ ಹೊಗೆಯಾಡುವ ಕಷಾಯ ತಂದು ಕೋಣೆಯ ಮುಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಒಂದು ತೊಟ್ಟೂ ಬಿಡಬಾರದು ಅಂತ ಹೇಳು. ಲೋಟ ಖಾಲಿಯಾದ ಮೇಲೇ ನಾನು ಏಳೋದು!"

ಜಗ್ಲಾಲ್ ಬಾಗಿಲು ಮುಚ್ಚಿಕೊಂಡು, ಹೊರಗೆ ಕೇಳಿಸುವ ಹಾಗೆ, ಹಾಸಿಗೆಯ ಮೇಲಿನ ಹಂಸಕ್ಕೆ ಹೇಳಿದ:

"ಏಳು ಸೂಮಿ. ಕಹಿ ಅಂತ ಗೊತ್ತು. ಕಣ್ಮುಚ್ಕೊಂಡು ಕುಡಿದುಬಿಡು, ಆಮೇಲೆ ಬೆಲ್ಲ ಕೊಡ್ತೀನಿ. ಹಾಂ... ಜಾಣೆ."

ಹೀಗೆಂದು ತಾನೇ ಕುಡಿದ. ಕಣ್ಣಲ್ಲಿ ನೀರು ಬಂತು. ಹೊರಗಿನಿಂದ ಮುದುಕಿಯ ನಿಟ್ಟುಸಿರು ಕೇಳಿಸಿತು: "ಅಬ್ಬಾ! ಇಂಥ ಗಂಡ ಎಷ್ಟು ಜನಕ್ಕೆ ಸಿಗ್ತಾನೆ!"

ಜಗ್ಲಾಲ್ ಖಾಲಿ ಲೋಟವನ್ನು ಹಂಸದ ಪಕ್ಕ ಇಟ್ಟ. ಇಷ್ಟು ಮೆತ್ತಗೆ ತಾನು ಸೂಮಿಂತ್ರಳೊಡನೆ ಕೊನೆಯ ಸಲ ಮಾತಾಡಿದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಆದರೇನು, ಪ್ರತಿಜ್ಞೆ ಪ್ರತಿಜ್ಞೆಯೇ! ಬೆಟ್ಟದ ಮೇಲಿನ ಕೋಟೆಗೆ ಹೋದ. ಸಾಲಾಗಿ ಫಿರಂಗಿಗಳು, ಕೆಳಗೆ ಕೆಂಪು ಹೆಂಚಿನ ಪಟ್ಟಣ, ಅದರಾಚೆ ನೀಲಿಯೋ ನೀಲಿ. "ನೋಡೇ ಇಲ್ಲಿ!" ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಒಂದು ಮೇಕೆ ನಿಂತಿತ್ತು. ಅದು ನೋಡಲಿಲ್ಲ. ಸೂಮಿಂತ್ರ ಇದ್ದಿದ್ದರೆ, "ಇಷ್ಟು ದೊಡ್ಡ ಅಂಗಳ ದಿನಾ ಗುಡಿಸೋರು ಯಾರಪ್ಪಾ?" ಎನ್ನುತ್ತಿದ್ದಳು. ತಾನು, "ಹೋದ ಕಡೆಯೆಲ್ಲ ನಿನಗೆ ಪೊರಕೇದೇ ಚಿಂತೆ!" ಎಂದು ರೇಗುತ್ತಿದ್ದ. ರೇಗಲು ಯಾರೂ ಇಲ್ಲದ ಕೋಟೆ ಅವನಿಗೆ ಬಲು ಬೇಗ ಮುಗಿದುಹೋಯಿತು.

ಮಾರನೆಯ ದಿನ ಆರ್ಗೈಲ್ ಜಲಪಾತ. ಕಾಡಿನ ದಾರಿಯಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ, ಜಾರುವ ಕಲ್ಲಿನ ಮೇಲೆ ಒಬ್ಬರಿಗೊಬ್ಬರು ಕೈ ಕೊಟ್ಟು ಹತ್ತುತ್ತಿದ್ದರು. ಜಗ್ಲಾಲನಿಗೆ ಒಂದು ಬಿದಿರು ಕೋಲು ಕೈ ಕೊಟ್ಟಿತು, ಎರಡೂ ಅರ್ಥದಲ್ಲಿ! ಮುರಿದ ಕೋಲಿನೊಡನೆ ಮಡುವಿನಲ್ಲಿ ಕುಕ್ಕರಿಸಿ ಬಿದ್ದವನನ್ನು ನೋಡಿ ಯಾರೂ ನಗಲಿಲ್ಲ. ಅದೇ ಅವನಿಗೆ ತುಂಬ ನೋವಾದದ್ದು. ಅವಳಿದ್ದಿದ್ದರೆ ಮೂರು ದಿನ ನಗುತ್ತಿದ್ದಳು.

ಮೂರನೆಯ ಬೆಳಿಗ್ಗೆ ಮಿಸ್ ಯೂಲಾಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇವತ್ತು ಗಾಜಿನ ತಳದ ದೋಣಿ. ಕಡಲ ಮಧ್ಯೆ ನೈಲಾನ್ ಕೊಳ. ಅದನ್ನು ನೋಡದೆ ಯಾರೂ ಈ ದ್ವೀಪ ಬಿಟ್ಟು ಹೋಗಬಾರದು. ಸರಿ ಆ ಕಡೆ, ನಾನೇ ಒಳಗೆ ಹೋಗಿ ಅವಳನ್ನ ಎಬ್ಬಿಸ್ತೀನಿ!"

"ಅವಳು ಆಗಲೇ ದಂಡೆಗೆ ಹೋದಳು!" ಎಂದು ಜಗ್ಲಾಲ್ ಬಾಗಿಲಿಗೆ ಅಡ್ಡ ನಿಂತು ಕೂಗಿದ.

"ಓ, ಹುಷಾರಾದಳಾ! ದೇವರು ದೊಡ್ಡವನು. ದೋಣಿ ನಡೆಸೋ ಕತ್ಬರ್ಟ್ ನನ್ನ ಅಣ್ಣನ ಮಗನೇ. ಅವಳನ್ನ ಜೋಪಾನವಾಗಿ ನೋಡ್ಕೋ ಅಂತ ಫೋನ್ ಮಾಡ್ತೀನಿ."

ದಂಡೆಯಲ್ಲಿ ಕತ್ಬರ್ಟ್ ಬಾಯ್ತುಂಬ ನಕ್ಕ. "ನಮ್ಮತ್ತೆ ಹೇಳಿದ್ರು ಸಾರ್! ಎಲ್ಲಿ ಮೇಡಂ?"

ದೋಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಗ್ಲಾಲ್ ಗುಂಪಿನ ಕಡೆ ಗಾಳಿಯಲ್ಲಿ ಕೈಯಾಡಿಸಿ, "ಅಲ್ಲೆಲ್ಲೋ ಮುಂದೆ ಕೂತಿದ್ದಾಳೆ," ಎಂದ. ಕತ್ಬರ್ಟ್ ಎರಡು ಟಿಕೆಟ್ ಹರಿದ.

ಹವಳ, ಬಣ್ಣದ ಮೀನು ಎಲ್ಲ ಕಾಲಡಿಯ ಗಾಜಿನಲ್ಲಿ ಹಾದುಹೋದವು. ದಡ ದೂರವಾಗಿ, ಸುತ್ತ ಸಮುದ್ರವೇ ಸಮುದ್ರವಾದ ಕಡೆ ಬಿಳಿ ಮರಳ ದಿಬ್ಬದ ಮೇಲೆ ನೀರು ಸೊಂಟದವರೆಗೆ ಮಾತ್ರ ಇತ್ತು. ಗಾಜಿನಂಥ ತಿಳಿನೀರು.

"ಇಳೀರಿ, ಇಳೀರಿ! ಈ ನೀರಲ್ಲಿ ಮುಳುಗೆದ್ದೋರು ಹತ್ತು ವರ್ಷ ಚಿಕ್ಕೋರಾಗ್ತಾರೆ!" ಎಂದು ಕತ್ಬರ್ಟ್ ಕೂಗಿದ. "ಆದ್ರೆ ಗಂಡ ಹೆಂಡ್ತಿ ಕೈ ಕೈ ಹಿಡ್ಕೊಂಡೇ ಮುಳುಗಬೇಕು. ಇಲ್ದಿದ್ರೆ ಒಬ್ರಿಗೆ ಮಾತ್ರ ವಯಸ್ಸಾಗಿಬಿಡುತ್ತೆ!"

ಎಲ್ಲರೂ ಕೈ ಕೈ ಹಿಡಿದರು. ಜಗ್ಲಾಲ್ ಎಡಗೈಯಿಂದ ತನ್ನ ಬಲಗೈಯನ್ನೇ ಹಿಡಿದುಕೊಂಡು ಮುಳುಗಿದ. ನೀರಿನಡಿಯಲ್ಲಿ ಒಂದು ಕ್ಷಣ ಯಾರ ನಗುವೂ ಕೇಳಿಸದೆ ಹಾಯೆನಿಸಿತು. ಎದ್ದಾಗ ಉಪ್ಪುನೀರು ಕಣ್ಣಿಗೆ ಹೋಗಿತ್ತೋ, ಕಣ್ಣಿನಿಂದಲೇ ಬಂದಿತ್ತೋ ಹೇಳುವುದು ಕಷ್ಟ.

ಹೊರಡುವಾಗ ಕತ್ಬರ್ಟ್ ತಲೆ ಎಣಿಸಿದ. ಮತ್ತೆ ಎಣಿಸಿದ. ಅವನ ನಗು ಆರಿತು.

"ಸಾರ್, ಮೇಡಂ ಎಲ್ಲಿ?"

"ಅವಳು... ಇಲ್ಲ."

"ಇಲ್ಲ ಅಂದ್ರೆ?"

"ಅವಳು ಇಲ್ಲ ಕಣಪ್ಪಾ! ಇಲ್ಲವೇ ಇಲ್ಲ!"

"ಅಯ್ಯೋ ದೇವರೇ! ಹೆಂಗಸು ನೀರಲ್ಲಿ!" ಎಂದು ಕತ್ಬರ್ಟ್ ಬಟ್ಟೆ ಸಮೇತ ಹಾರಿದ. ಅವನ ಹಿಂದೆ ದೋಣಿಗೆ ದೋಣಿಯೇ ಹಾರಿತು! ತಳದ ಮರಳಿನ ಕಣಕಣವೂ ಕಾಣುವ ಸೊಂಟದುದ್ದ ನೀರಿನಲ್ಲಿ ನಲವತ್ತು ಜನ ಬಗ್ಗಿ ಬಗ್ಗಿ ಸೂಮಿಂತ್ರಳನ್ನು ಹುಡುಕತೊಡಗಿದರು.

"ಅಯ್ಯೋ, ನನ್ನ ಮಾತು ಕೇಳಿ! ಅವಳು ಬಂದೇ ಇಲ್ಲ!" ಎಂದು ಜಗ್ಲಾಲ್ ಬಾಯಿ ಬಡಿದುಕೊಂಡ.

"ಪಾಪ, ತಲೆ ಕೆಟ್ಟಿದೆ. ಕೂರಿಸಿ ಅವರನ್ನ," ಎಂದರು ಯಾರೋ. ಇಬ್ಬರು ಅವನನ್ನು ಹಿಡಿದು ಕೂರಿಸಿ ಬಲವಂತವಾಗಿ ರಮ್ ಕುಡಿಸಿದರು.

ಅಷ್ಟರಲ್ಲಿ ಜರ್ಮನಿಯಿಂದ ಬಂದಿದ್ದ ಒಬ್ಬ ಭಾರಿ ಹೆಂಗಸು, "ನಾನು ನೋಡಿದೆ! ಹಳದಿ ಉಡುಪು! ನನ್ನ ನೋಡಿ ನಕ್ಕಳು ಕೂಡ! ಅಗೋ, ಆ ಕಡೆ ಹೋದಳು!" ಎಂದು ಕಿರುಚಿದಳು.

ಎಲ್ಲರೂ ಆ ಕಡೆ ತಿರುಗಿದರು. ಜಗ್ಲಾಲನೂ ತಿರುಗಿದ! ಒಂದೇ ಒಂದು ಕ್ಷಣ, ಬೆಳಕು ಹೊಳೆಯುವ ಆ ನೀರಿನ ಮೇಲೆ ಹಳದಿ ಉಡುಪಿನ ಸೂಮಿಂತ್ರ ನಿಜಕ್ಕೂ ನಿಂತಿರಬಹುದು ಎಂದು ಆಸೆಯಿಂದ ನೋಡಿದ. ನೀರು ಮಾತ್ರ ಇತ್ತು.

ದಡ ಸೇರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ತಲುಪಿತ್ತು. ಇನ್ನೂ ಐದಾರು ದೋಣಿಗಳು ಹುಡುಕಲು ಹೊರಟಿದ್ದವು. ದಂಡೆಯಲ್ಲಿ ಕೆಲವರು ಆಗಲೇ ಪ್ರಾರ್ಥನೆ ಶುರು ಮಾಡಿದ್ದರು. ಪೊಲೀಸ್ ಸಾರ್ಜೆಂಟ್ ಬಂದ. ಮಿಸ್ ಯೂಲಾಲಿ ಏದುಸಿರು ಬಿಡುತ್ತ ಬಂದಳು. ಕೋಣೆಯನ್ನು ಅವಳು ನೋಡಿಯೇ ಬಂದಿದ್ದಳು.

"ಸಾರ್ಜೆಂಟ್, ಆ ಹೆಂಗಸಿನ ಒಂದು ಚಪ್ಪಲಿ ಇಲ್ಲ, ಬಾಚಣಿಗೆ ಇಲ್ಲ! ಅವಳ ಕಡೆ ಹಾಸಿಗೆ ಸುಕ್ಕೇ ಆಗಿಲ್ಲ! ಈ ಮೂರು ದಿನದಲ್ಲಿ ಅವಳ ಮುಖವನ್ನೇ ನಾನು ನೋಡಿಲ್ಲ!"

ಸಾರ್ಜೆಂಟ್ ಜಗ್ಲಾಲನ ಕಡೆ ನಿಧಾನವಾಗಿ ತಿರುಗಿದ. "ಎಲ್ಲಿ ನಿನ್ನ ಹೆಂಡ್ತಿ?"

"ಮನೆಯಲ್ಲಿ! ಶಗ್ವಾನಸ್‌ನಲ್ಲಿ! ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಬರಲೇ ಇಲ್ಲ ಸಾರ್!"

ಆ ಪದಗಳು ಹೊರಗೆ ಬರಲು ಒಬ್ಬ ಪೊಲೀಸನೇ ಬೇಕಾಯಿತು! ಸಾರ್ಜೆಂಟ್ ಅವನ ಫೋನಿನಿಂದಲೇ ಮನೆಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದ. ದಂಡೆಯಲ್ಲಿ ಗಾಳಿಯೂ ಕಿವಿಗೊಟ್ಟಿತು.

"ಅಮ್ಮಾ, ನಾನು ಟೊಬೇಗೊ ಪೊಲೀಸು. ನೀವು ಜೀವಂತ ಇದ್ದೀರಾ?"

"ಆ ಮನುಷ್ಯನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿಯೂ ಇದ್ದೀನಿ ಸಾರ್, ಆಶ್ಚರ್ಯ ಅಲ್ವಾ? ಏನು ಮಾಡಿದ ಅವನು? ಬದುಕಿದ್ದಾನಾ?" ಕೊನೆಯ ಮಾತಿಗೆ ಅವಳ ದನಿ ನಡುಗಿತು.

ಸಾರ್ಜೆಂಟ್ ಫೋನನ್ನು ಜಗ್ಲಾಲನ ಕೈಗಿತ್ತ. ಧ್ವನಿ ತಗ್ಗಿಸುವ ಗುಂಡಿ ಎಲ್ಲಿದೆಯೆಂದು ಅವನಿಗೆ ಹೊಳೆಯಲಿಲ್ಲ.

"ಸೂಮಿ..."

"ಎಲ್ಲಾ ನೋಡಿ ಮುಗೀತಾ?"

"ಏನೂ ನೋಡಿಲ್ಲ ಕಣೇ. ಎಲ್ಲಾ ಕಡೆ ಹೋದೆ. ಏನೂ ನೋಡಿದ ಹಾಗಾಗಲಿಲ್ಲ. ನೋಡು ಅಂತ ಹೇಳೋಕೆ ಪಕ್ಕದಲ್ಲಿ ಯಾರೂ ಇರ್ಲಿಲ್ಲ."

ಆ ಕಡೆ ಫ್ರಿಜ್ಜಿನ ಗೊರಗೊರ ಕೇಳಿಸಿತು. ಅವಳೂ ಅದನ್ನೇ ಕೇಳುತ್ತ ಮೂರು ದಿನ ಕಳೆದಿದ್ದಳೆಂದು ಅವನಿಗೆ ಆಗ ಹೊಳೆಯಿತು.

"ನೀನು ಹೊರಟ ದಿನ ನಾನು ಚೀಲ ಕಟ್ಕೊಂಡು ಬಾಗಿಲ ಹಿಂದೇನೇ ಕೂತಿದ್ದೆ," ಎಂದಳು ಸೂಮಿಂತ್ರ. "ಹಡಗಾದ್ರೆ ಹಡಗು, ವಾಂತಿಯಾದ್ರೆ ವಾಂತಿ ಅಂತ. ಒಂದೇ ಒಂದು ಸಲ ನೀನು ಬಾ ಅಂದಿದ್ರೆ ಸಾಕಿತ್ತು. ನೀನು ಟೋಪಿ ಹಾಕ್ಕೊಂಡು ಹೊರಟೇಬಿಟ್ಟೆ."

ನಲವತ್ತು ಜನ ಒದ್ದೆ ಬಟ್ಟೆಯಲ್ಲಿ ಫೋನಿನತ್ತ ಕತ್ತು ಚಾಚಿ ನಿಂತಿದ್ದರು. ಮಿಸ್ ಯೂಲಾಲಿ ಮೊಣಕೈಯಿಂದ ಅವನ ಪಕ್ಕೆಗೆ ತಿವಿದಳು. "ಹೇಳೋ ಮೂಢ!"

"ಬಾ," ಎಂದ ಜಗ್ಲಾಲ್. "ವಿಮಾನದಲ್ಲಿ ಬಾ."

ಮರುದಿನ ಬೆಳಿಗ್ಗೆ ಸೂಮಿಂತ್ರ ಬಂದಳು. ಸುಳ್ಳುಗಾರನ ಪಕ್ಕೆಗೆ ತಿವಿದಿದ್ದ ಮಿಸ್ ಯೂಲಾಲಿ, ಅವಳನ್ನು ಅಪ್ಪಿಕೊಂಡು ಏಡಿ ಸಾರು, ಕಡುಬು ಬಡಿಸಿದಳು. ಜಗ್ಲಾಲ್ ಅವಳಿಗೆ ದ್ವೀಪವನ್ನೆಲ್ಲ ತಾನೇ ತೋರಿಸುವೆನೆಂದು ಎದೆಯುಬ್ಬಿಸಿ ಹೊರಟ. ಆದರೆ ತೋರಿಸಲು ಬಿಟ್ಟರೆ ತಾನೆ! ಕೋಟೆಯಲ್ಲಿ ಫಿರಂಗಿಗಳ ಮುಂದೆ ಯಾರೂ ನಿಲ್ಲಲಿಲ್ಲ, ಎಲ್ಲರೂ ಸೂಮಿಂತ್ರಳ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ದೋಣಿ ಹತ್ತಿದಾಗ ಕತ್ಬರ್ಟ್ ಹವಳ, ಮೀನುಗಳನ್ನೆಲ್ಲ ಬದಿಗಿಟ್ಟು, "ಇವರೇ ನೋಡಿ! ನೈಲಾನ್ ಕೊಳದಲ್ಲಿ ಮುಳುಗದೆ ಉಳಿದ ಮಹಾತಾಯಿ!" ಎಂದು ಸಾರಿದ. ಜರ್ಮನಿಯ ಹೆಂಗಸು ಓಡಿಬಂದು, "ನಾನು ಹೇಳಲಿಲ್ವಾ? ಇವಳೇ! ಇದೇ ನಗು!" ಎಂದು ಕೈ ಕುಲುಕಿದಳು.

ಜನ ಸೂಮಿಂತ್ರಳ ಸುತ್ತ ಮುತ್ತಿದರು. ಜಗ್ಲಾಲ್ ಅವಳ ಚೀಲ, ಚಪ್ಪಲಿ, ಟೋಪಿ ಹೊತ್ತು, ದೋಣಿಯ ಹಿಂತುದಿಯಲ್ಲಿ ಮತ್ತೆ ಒಬ್ಬನೇ ನಿಂತ. ಹೊಸಬರೊಬ್ಬರು ಅವನ ಕಡೆ ಬೆರಳು ಮಾಡಿ ಸೂಮಿಂತ್ರಳನ್ನು ಕೇಳಿದರು:

"ಅಲ್ಲಿ ಚೀಲ ಹಿಡ್ಕೊಂಡು ನಿಂತಿದ್ದಾರಲ್ಲ, ಅವರು ನಿಮ್ಮವರಾ?"

ಸೂಮಿಂತ್ರ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ, ಮೂರು ದಿನ ಅವನು ಹಂಬಲಿಸಿದ್ದ ಆ ನಗುವನ್ನು ಬಾಯ್ತುಂಬ ನಕ್ಕಳು.

"ಅವನಾ? ಮನೆಯಲ್ಲಿದ್ದ ಹೆಂಡ್ತೀನ ಸೊಂಟದುದ್ದ ನೀರಲ್ಲಿ ಕಳ್ಕೊಂಡವನು!"