ಪ್ರಸ್ತಾವನೆಗೊಂದು ತೆಂಗಿನಕಾಯಿ

ಧರ್ಮಕ್ಕೂ ರಾಜ್ಯಾಡಳಿತಕ್ಕೂ ನಡುವೆ ಒಂದು ಗೋಡೆ ಇರಬೇಕೆಂಬುದು ಮನುಷ್ಯಕುಲ ಬಹಳ ನೆತ್ತರು ಸುರಿಸಿ ಕಲಿತ ಪಾಠ. ಬೆಟಗೇರಿಯ ನಮ್ಮ ನೇಕಾರರ ಸಂಘದಲ್ಲೂ ಆ ಗೋಡೆ ಇದೆ. ಅದಕ್ಕೆ ಮೊಳೆ ಹೊಡೆದು ದೇವರ ಪಟ ತೂಗುಹಾಕಿದ್ದಾರೆ.

ನಾನು ಸಂಘದ ಕಾರ್ಯದರ್ಶಿ. ಶಿರಹಟ್ಟಿಯ ಶಾಲೆಯಲ್ಲಿ ಮೂವತ್ತು ವರ್ಷ ಪೌರನೀತಿ ಕಲಿಸಿ ನಿವೃತ್ತನಾದವನು. ಕಲಿಸಿದ್ದನ್ನು ನಾನೇ ನಂಬಿಬಿಟ್ಟದ್ದು ನನ್ನ ದೋಷ. ಮಕ್ಕಳು ಜಾಣರು, ಪರೀಕ್ಷೆ ಮುಗಿದ ಮರುದಿನವೇ ಮರೆತರು. ಹೋದ ತಿಂಗಳು ಸಂಘಕ್ಕೆ ಸಂವಿಧಾನದ ಪ್ರಸ್ತಾವನೆಯ ಗಾಜಿನ ಚೌಕಟ್ಟು ಬಂತು. ಇದನ್ನಾದರೂ ಪೂಜೆಯಿಲ್ಲದೆ ಗೋಡೆಗೇರಿಸೋಣ ಎಂದೆ. ಎಲ್ಲರೂ ಗೋಡೆಯ ದೇವರ ಪಟದತ್ತ ನೋಡಿದರು. ಆ ನೋಟ ತಡೆಯಲಾರದೆ, ಇಲ್ಲಿ ಒಂದೇ ಒಂದು ಕಾಯಿ ಒಡೆದರೂ ರಾಜೀನಾಮೆ ಕೊಡುತ್ತೇನೆಂದು ಘೋಷಿಸಿಬಿಟ್ಟೆ. ಮನೆಯಲ್ಲಿ ಹೇಳಿದಾಗ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು, ಹಾಗಾದರೆ ಇನ್ನು ಹಗಲೆಲ್ಲ ಮನೆಯಲ್ಲೇ ಇರುತ್ತೀರಾ ಎಂದು ಕೇಳಿದಳು. ಆ ಪ್ರಶ್ನೆಯಲ್ಲಿದ್ದ ಭಯ ನನಗೂ ತಗುಲಿತು. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕುಡಿದ ಚಹಾ ಕುಡಿದಂತೆಯೇ ಅನ್ನಿಸದು.

ನನ್ನ ಭರವಸೆಯೆಲ್ಲ ನಿರ್ದೇಶಕ ಖಾದರಸಾಬರ ಮೇಲಿತ್ತು. ನೂಲಿಗೆ ಬಣ್ಣ ಹಾಕುವ ಮಿತಭಾಷಿ. ಕಾಯಿಯ ವಿಷಯದಲ್ಲಿ ನನ್ನ ಪಕ್ಷ ಹಿಡಿದಾರೆಂದು ಲೆಕ್ಕ ಹಾಕಿದ್ದೆ. ಚೌಕಟ್ಟು ಏರಿಸುವ ದಿನ ಬೆಳಿಗ್ಗೆ ಸಂಘದಲ್ಲಿ ನಾನು ಬಾಗಿಲಿಗೂ ಮೇಜಿಗೂ ಹತ್ತು ಸಲ ತಿರುಗಾಡುತ್ತಿರುವಾಗ ಅವರು ಲೋಬಾನದ ಧೂಪದಾನಿ ಹಿಡಿದುಕೊಂಡು ಬಂದರು. “ಎಲ್ಲಾರ ಹಕ್ಕೂ ಬರದಿಟ್ಟ ಕಾಗದ ಐತಿ ಮಾಸ್ತರ, ಊದು ಹಾಕದ ಹ್ಯಾಂಗ ಏರಸೂದು?” ಅವರ ಹಿಂದೆಯೇ ಅಧ್ಯಕ್ಷ ಈರಣ್ಣ, ಕೈಯಲ್ಲಿ ಕಾಯಿ. ನಾನು ಅಡ್ಡ ನಿಂತೆ. ಈರಣ್ಣನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. “ಹೊಸ ಮಗ್ಗ ಹೂಡಿದರ ಕಾಯಿ ಒಡಿತೀವಿ. ಇಡೀ ದೇಶ ನಡಸೂ ಕಾಗದಕ್ಕ ಬ್ಯಾಡೇನ್ರಿ?”

ಮೂವತ್ತು ವರ್ಷದ ಪೌರನೀತಿಯಲ್ಲಿ ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಕಾಯಿ ಎರಡು ಹೋಳಾಗಿತ್ತು. ಗಾಜಿಗೆ ಹಚ್ಚಿದ ಕುಂಕುಮ ಸರಿಯಾಗಿ ‘ಭಾರತದ ಜನರಾದ ನಾವು’ ಎಂಬಲ್ಲಿ ಕೂತು, ನಾವು ಯಾರಿಗೂ ಕಾಣದಾದೆವು.

ಮಾತು ಮಾತೇ. ಅಲ್ಲೇ ಮೇಜಿನ ಮೇಲೆ ರಾಜೀನಾಮೆ ಬರೆದೆ. ಜಾತ್ಯತೀತತೆ, ಆತ್ಮಸಾಕ್ಷಿ, ಎರಡನ್ನೂ ಎರಡೆರಡು ಸಲ ಬಳಸಿದ್ದೆ. ಈರಣ್ಣ ಕನ್ನಡಕ ಏರಿಸಿ ಓದಿ, ಖಾದರಸಾಬರಿಗೆ ಕೊಟ್ಟ. ಅವರು ಓದಿ ಕೆಮ್ಮಿದರು.

“ನೀವು ಬರದಿದ್ದು ಖರೆ ಐತ್ರಿ ಮಾಸ್ತರ,” ಎಂದ ಈರಣ್ಣ ಮೆಲ್ಲಗೆ. “ಆದ್ರ ಮ್ಯಾಲೆ ಶ್ರೀ ಬರದೀರಲ್ರಿ.”

ನೋಡಿದೆ. ಹಾಳೆಯ ನೆತ್ತಿಯ ಮೇಲೆ, ನಟ್ಟನಡುವೆ, ಎರಡು ಕಡೆ ಎರಡೆರಡು ಗೆರೆಯೊಡನೆ, ದುಂಡನೆಯ ಶ್ರೀಕಾರ. ನನ್ನನ್ನು ಕೇಳದೆಯೇ ಕೈ ಬರೆದಿತ್ತು. ಅದು ಬರೀ ರೂಢಿ ಎನ್ನಲು ಬಾಯಿ ತೆರೆದೆ. ಎದುರಿಗೆ ಕಾಯಿಯ ಹೋಳುಗಳಿದ್ದವು, ಮುಚ್ಚಿಕೊಂಡೆ.

ರಾಜೀನಾಮೆ ಅಂಗೀಕಾರವಾಗಲಿಲ್ಲ. ಪ್ರತಿ ಶುಕ್ರವಾರ ಚೌಕಟ್ಟಿಗೆ ಹಾರ ಹಾಕುವ ಹೊಣೆಯನ್ನು ಕಾರ್ಯದರ್ಶಿಗೆ ವಹಿಸಲಾಯಿತು.