ಶುಕ್ರವಾರ ಸಂಜೆ ಮುರಿದುಬಿದ್ದ ತಮ್ಮ ಮಾತುಕತೆಯ ಕುರಿತು

ಜಾಗತಿಕ ಶಾಂತಿ ಶೃಂಗಸಭೆಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ, ಕೋರ್ಟಿನ ಎದುರು ಕಟ್ಟಡದ ಎರಡನೇ ಮಹಡಿಯಿಂದ ಕಿರಿಯ ವಕೀಲೆಯೊಬ್ಬಳ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ಟೀವಿಯಲ್ಲಿ ಕಂಡು ಸಂತೋಷಪಟ್ಟೆ. ಹನ್ನೊಂದು ದಿನ ಮಾತಾಡಿ ಏನನ್ನೂ ತೀರ್ಮಾನಿಸದೆ ಎದ್ದು ಬರುವವರ ಮುಖದಲ್ಲಿ ಅಷ್ಟೊಂದು ಕಳೆಯನ್ನು ನಾನು ನಮ್ಮ ಹಿರಿಯ ವಕೀಲರನ್ನು ಬಿಟ್ಟರೆ ಬೇರೆ ಯಾರಲ್ಲೂ ಕಂಡಿಲ್ಲ.

ಗಡಿಗಾಗಿ ಕಾದಾಡುತ್ತಿರುವ ಎರಡು ದೇಶದವರಲ್ಲಿ ಯಾರು ಮೊದಲು ಸಭಾಂಗಣದೊಳಗೆ ಕಾಲಿಡಬೇಕು ಎಂಬ ಗಹನವಾದ ಪ್ರಶ್ನೆಯ ಮೇಲೆ ತಮ್ಮ ಮಾತುಕತೆ ಮುರಿದುಬಿದ್ದುದರ ಬಗ್ಗೆ ನನ್ನ ತಕರಾರಿಲ್ಲ. ಮುರಿಯುವ ಪೂರ್ಣ ಅಧಿಕಾರ ತಮಗಿದೆ. ಅದು ಶುಕ್ರವಾರ ಸಂಜೆ ಏಳೂವರೆಗೇ ಮುರಿಯಬೇಕಿತ್ತೇ ಎಂಬುದಷ್ಟೇ ನನ್ನ ಅಳಲು. ವಾರವಿಡೀ ಹಿರಿಯರ ಕಡತ ಹೊತ್ತು, ಬೇರೆಯವರ ಜಗಳವನ್ನು ನನ್ನದೇ ಎಂಬಂತೆ ಆಡಿ ಬಳಲುವ ನನಗೆ ಮನೆಯಿಂದ ಹೊರಗೆ ಕಾಲಿಟ್ಟು ನಗಲು ಇರುವುದು ಅದೊಂದೇ ಸಂಜೆ. ಸ್ಕೂಲಿನಿಂದ ಜೊತೆಗಿರುವ ನಾವು ಮೂವರು, ಅಂದರೆ ನಾನು, ಒಬ್ಬಳು ಹಲ್ಲಿನ ಡಾಕ್ಟರ್ ಮತ್ತು ಭೂಗೋಳದ ಪಾಠ ಹೇಳುವುದರಿಂದ ‘ಭೂಪಟ’ ಎಂದೇ ಕರೆಸಿಕೊಳ್ಳುವ ಒಬ್ಬ ಮೇಷ್ಟ್ರು, ಹದಿನಾಲ್ಕು ವರ್ಷಗಳಿಂದ ಒಂದೇ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಸೇರುತ್ತ ಬಂದಿದ್ದೇವೆ. ಆ ಟೇಬಲ್ಲಿನ ಎದುರು ಗೋಡೆಯಲ್ಲಿ, ನಮ್ಮ ದುರದೃಷ್ಟಕ್ಕೆ, ಒಂದು ಟೀವಿ ಇದೆ.

ಅದರಲ್ಲಿ ತಾವು ಕಾಣಿಸಿಕೊಂಡ ಕೂಡಲೇ ಭೂಪಟ ಒಂದು ದೇಶದ ಪರ ನಿಂತ. ನಾನು ಇನ್ನೊಂದರ ವಕಾಲತ್ತು ವಹಿಸಿದೆ. ಆ ದೇಶ ಯಾವ ದಿಕ್ಕಿಗಿದೆ ಎಂದು ಹಿಂದಿನ ವಾರದವರೆಗೆ ನನಗೆ ತಿಳಿದಿರಲಿಲ್ಲ ಎಂಬುದನ್ನು ತಮ್ಮಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ಅವನಿಗೆ ತಿಳಿದಿತ್ತು, ನನ್ನ ಸಿಟ್ಟಿಗೆ ಮೂಲ ಅದೇ ಇರಬೇಕು. ಕಟಕಟೆಯಲ್ಲಿ ನಿಂತ ಸಾಕ್ಷಿಯನ್ನು ಕೇಳುವಂತೆ ‘ಹೌದೋ ಅಲ್ವೋ, ಅಷ್ಟು ಹೇಳು’ ಎಂದು ಅವನನ್ನು ಜಗ್ಗಾಡಿ, ಕೊನೆಗೆ, ‘ಮಕ್ಕಳ ಕೈಲಿ ನದಿ ಹೆಸರು ಉರು ಹೊಡೆಸೋನಿಗೆ ನ್ಯಾಯ ಅನ್ಯಾಯ ಏನು ಗೊತ್ತು’ ಎಂದುಬಿಟ್ಟೆ. ಅವನು ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸದ್ದಿಲ್ಲದೆ ಸರಿಸಿಟ್ಟು ಹೊರಟುಹೋದ. ಅವನು ಕುರ್ಚಿಯನ್ನು ಒದ್ದು ಹೋಗಿದ್ದರೆ ನನಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಆಗ ಡಾಕ್ಟರ್ ಮೆಲ್ಲಗೆ, ‘ಇವತ್ತು ನನ್ನ ಕ್ಲಿನಿಕ್ ಶುರುವಾಯ್ತು ಕಣೇ. ಮೊದಲನೇ ಪೇಷಂಟ್ ಯಾರು ಅಂತ ನೀವಿಬ್ರೂ ಕೇಳ್ಲೇ ಇಲ್ಲ’ ಎಂದು ತಾನೂ ಎದ್ದಳು. ಗಡಿಯಲ್ಲಿ ಏನಾಯಿತೋ ತಿಳಿಯದು, ಮಾನ್ಯರೇ. ನಮ್ಮ ಟೇಬಲ್ಲಿನಲ್ಲಿ ಮಾತ್ರ ಮೂರು ವಾರ ಯಾರೂ ಕೂರಲಿಲ್ಲ.

ಮೂರನೆಯ ವಾರದ ಕೊನೆಯಲ್ಲಿ ಹಿರಿಯರು ಊರಲ್ಲಿಲ್ಲದ ಕಾರಣ ಅಣ್ಣತಮ್ಮಂದಿರ ಮೊಕದ್ದಮೆಯೊಂದರ ಸಂಧಾನಕ್ಕೆ ನಾನೊಬ್ಬಳೇ ಹೋಗಬೇಕಾಯಿತು. ಒಂದೇ ಮನೆ, ಕೆಳಗೆ ಅಣ್ಣ, ಮೇಲೆ ತಮ್ಮ. ತಾರಸಿಯ ಬೀಗದ ಕೀ ತಮ್ಮನ ಹತ್ತಿರ. ಆರು ವರ್ಷದಿಂದ ಇದಕ್ಕಾಗಿ ವ್ಯಾಜ್ಯ. ಅಣ್ಣನ ಪರವಾಗಿ ನಾನು ನಲವತ್ತು ಪುಟಗಳ ವಾದವನ್ನು ಬರೆದು, ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿಕೊಂಡಿದ್ದೆ. ಸಂಧಾನಕಾರರು ಬರುವುದು ಒಂದು ಗಂಟೆ ತಡವಾಯಿತು, ಸಂಧಾನ ಕೇಂದ್ರದ ಪಡಸಾಲೆಯಲ್ಲಿ ಇದ್ದುದು ಒಂದೇ ಬೆಂಚು. ಇಬ್ಬರೂ ಅದರ ಎರಡು ತುದಿಗೆ ಮುಖ ತಿರುಗಿಸಿ ಕೂತರು. ಅಣ್ಣನಿಗೆ ಕೆಮ್ಮು ಬಂತು, ನಿಲ್ಲಲಿಲ್ಲ.

‘ಇನ್ನೂ ಬಿಟ್ಟಿಲ್ವಾ ಇದು?’ ಎಂದು ತಮ್ಮ ಗೋಡೆಯನ್ನು ಕೇಳಿದ.

‘ಇಲ್ಲ. ಮೇಲೆ ಹೋಗಿ ಬೆಳಗಿನ ಬಿಸಿಲಿಗೆ ಕೂತ್ರೆ ವಾಸಿಯಾಗುತ್ತೆ ಅಂದಿದ್ರು ಡಾಕ್ಟ್ರು.’

‘ಅದಕ್ಕಾ ಕೀ ಕೇಳಿದ್ದು? ಹಾಗಂತ ನನಗೆ ಹೇಳ್ಬಾರ್ದಿತ್ತಾ?’

‘ಹೇಳೋಕೆ ಅಂತಾನೇ ವಕೀಲ್ರನ್ನ ಇಟ್ಟಿದ್ನಲ್ಲಪ್ಪ.’

ಸಂಧಾನಕಾರರು ಬರುವ ಹೊತ್ತಿಗೆ ಇಬ್ಬರೂ ಇನ್ನೊಂದು ಕೀ ಮಾಡಿಸಲು ಹೊರಟಾಗಿತ್ತು. ನನ್ನ ನಲವತ್ತು ಪುಟಗಳನ್ನು ಯಾರೂ ತೆರೆಯಲಿಲ್ಲ. ಫೋನಿನಲ್ಲಿ ಹಿರಿಯರಿಗೆ ವಿಷಯ ತಿಳಿಸಿದಾಗ ಅವರು, ‘ಒಳ್ಳೆ ಕೆಲಸ ಮಾಡ್ದೆ’ ಎಂದರು. ‘ನಾನೇನೂ ಮಾಡ್ಲಿಲ್ಲ ಸರ್’ ಎಂದೆ. ‘ಅದನ್ನೇ ಹೇಳ್ತಿರೋದು’ ಎಂದು ಫೋನ್ ಇಟ್ಟರು.

ಅಲ್ಲಿಂದ ಕಪ್ಪು ಕೋಟನ್ನೂ ಕಳಚದೆ ನೇರವಾಗಿ ಭೂಪಟನ ಸ್ಕೂಲಿಗೆ ಹೋದೆ. ಬೆಲ್ಲಾಗಿ ಮಕ್ಕಳೆಲ್ಲ ಹೋಗಿದ್ದರು. ಅವನು ಖಾಲಿ ತರಗತಿಯಲ್ಲಿ ಕೂತು ಮಕ್ಕಳು ಬರೆದ ನಕ್ಷೆಗಳನ್ನು ತಿದ್ದುತ್ತಿದ್ದ. ನಾನು ಬಾಗಿಲಲ್ಲೇ ನಿಂತು, ‘ಅವತ್ತು ಆ ಮಾತು ಆಡ್ಬಾರ್ದಿತ್ತು ಕಣೋ’ ಎಂದೆ.

‘ಯಾವ ಮಾತು? ಐದು ಆಡಿದ್ದೆ.’

‘ಐದೂ.’

ಅವನು ಪೆನ್ನಿಗೆ ಮುಚ್ಚಳ ಹಾಕಿದ. ‘ನಾನೂ ಎರಡು ಆಡಿದ್ದೆ. ನೀನು ಕಿರುಚಾಡ್ತಿದ್ದಿದ್ರಲ್ಲಿ ಕೇಳಿಸ್ಲಿಲ್ಲ ಅಷ್ಟೆ,’ ಎಂದ.

ಇಬ್ಬರೂ ಕೂಡಿ ಡಾಕ್ಟರ್ ಗೆಳತಿಯ ಕ್ಲಿನಿಕ್ಕಿಗೆ ಹೋದೆವು. ಗೋಡೆಗೆ ಹೊಸ ಬಣ್ಣದ ವಾಸನೆ ಇನ್ನೂ ಇತ್ತು. ಮೊದಲ ಪೇಷಂಟ್ ಯಾರೆಂದು ಇಬ್ಬರೂ ಒಟ್ಟಿಗೇ ಕೇಳಿದೆವು. ಅವಳ ಅಪ್ಪನೇ ಅಂತೆ; ನೋವೇ ಇಲ್ಲದ ಹಲ್ಲನ್ನು ತೋರಿಸಿ, ತುಂಬಾ ನೋವಮ್ಮ ಎಂದು ಕೂತಿದ್ದರಂತೆ. ಆಮೇಲೆ ಅವಳು ಸುಮ್ಮನೆ ಬಿಡಲಿಲ್ಲ. ನಮ್ಮಿಬ್ಬರ ಹಲ್ಲುಗಳನ್ನೂ ಸರದಿಯಂತೆ ಪರೀಕ್ಷಿಸಿದಳು. ನಾನು ಬಾಯಿ ತೆರೆದು ಮಲಗಿದ್ದಾಗ ಭೂಪಟ ಆ ಗಡಿಯ ಇತಿಹಾಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಅಡ್ಡ ಬಾಯಿ ಹಾಕಲಾಗದೆ ಪೂರ್ತಿ ಕೇಳಿದೆ. ಅವನ ಮಾತಿನಲ್ಲಿ ಅರ್ಧದಷ್ಟು ಸರಿಯಿತ್ತು ಎಂದು ನನಗೆ ಮೊದಲ ಬಾರಿ ಅನ್ನಿಸಿತು; ಉಳಿದರ್ಧದ ಬಗ್ಗೆ ಅವನು ಮಲಗಿದಾಗ ನಾನು ಹೇಳಿದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಮ್ರ ಕೋರಿಕೆಯೇನೆಂದರೆ, ಮುಂದಿನ ಶೃಂಗಸಭೆಗೆ, ಟೀವಿಯಲ್ಲಿ ಕಂಡ ಆ ಮೂವತ್ತು ಅಡಿಯ ಮೇಜನ್ನು ತೆಗೆಸಿ ಒಂದು ಗಿಡ್ಡ ಬೆಂಚು ಹಾಕಿಸಬೇಕು, ತಾವು ದಯಮಾಡಿ ಒಂದು ಗಂಟೆ ತಡವಾಗಿ ಬರಬೇಕು. ಅದಕ್ಕೂ ಜಗ್ಗದಿದ್ದರೆ ಎರಡೂ ದೇಶದ ನಾಯಕರನ್ನು ನಮ್ಮ ಡಾಕ್ಟರ್ ಗೆಳತಿಯ ಕ್ಲಿನಿಕ್ಕಿಗೆ ಕಳುಹಿಸಿಕೊಡಬೇಕು. ಅಲ್ಲಿಯ ಬಾಗಿಲು ಒಬ್ಬರು ನುಗ್ಗುವಷ್ಟೇ ಅಗಲವಿರುವುದರಿಂದ ಯಾರು ಮೊದಲು ಎಂಬುದು ಅಪಾಯಿಂಟ್‌ಮೆಂಟ್ ಪುಸ್ತಕದ ಪ್ರಕಾರ ನಡೆಯುತ್ತದೆ.

ತಮ್ಮ ಸಭೆಗಿಂತ ತಮ್ಮ ಬಿಡುವಿನಲ್ಲೇ ಹೆಚ್ಚು ನಂಬಿಕೆ ಇಟ್ಟಿರುವ,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಕಿರಿಯ ವಕೀಲೆ

ಮರೆತ ಮಾತು: ಪತ್ರಿಕೆಯಲ್ಲಿ ಬಂದ ತಮ್ಮೆಲ್ಲರ ಗುಂಪು ಫೋಟೊ ನೋಡಿದೆವು. ಎಲ್ಲರೂ ಮನಸಾರೆ ನಕ್ಕಿದ್ದೀರಿ. ನಮ್ಮ ಡಾಕ್ಟರ್ ಅದನ್ನು ಭೂತಗನ್ನಡಿಯಲ್ಲಿ ಹಿಡಿದು ನೋಡಿ, ‘ಮೇಲೆ ಹೊಳಪು ಚೆನ್ನಾಗಿದೆ, ಹುಳುಕು ಬೇರಲ್ಲಿದೆ’ ಎಂದಳು. ಹಲ್ಲಿನ ವಿಷಯವೇ ಇರಬೇಕು.