ಗಣಪತಿ ಇಳಿದ ಕಾರು

ಮನೆಯಲ್ಲಿ ರಿಪೇರಿ ಬಲ್ಲ ಗಂಡಸಿರುವುದು ಹೆಂಗಸಿನ ಪುಣ್ಯ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಆ ಪುಣ್ಯ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಗೆ ಹೋಗಿ ಸಂಜೆಗೆ ವಾಪಸ್ಸು ಬರುವಂಥದ್ದಾಗಿರಬೇಕು. ನಮ್ಮವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾಗಿ ಹಾರ ಹಾಕಿಸಿಕೊಂಡು ಬಂದ ಮಾರನೆಯ ದಿನವೇ ನನ್ನ ಮಿಕ್ಸಿ ಬಿಚ್ಚಿದರು. ಅದು ಚೆನ್ನಾಗಿಯೇ ಇತ್ತು. "ಸೌಂಡು ಸ್ವಲ್ಪ ಜಾಸ್ತಿ ಅಲ್ವೇನೇ?" ಎಂದರು. ಈಗ ಸೌಂಡು ಕಡಿಮೆಯಾಗಿದೆ, ಚಟ್ನಿಯಲ್ಲಿ ಕಡಲೆ ಇಡಿಯಾಗಿ ಸಿಗುತ್ತದೆ. ಆಮೇಲೆ ಕುಕ್ಕರ್, ಟೇಬಲ್ ಫ್ಯಾನು, ಬಚ್ಚಲ ನಲ್ಲಿ. ಕೊನೆಗೆ ದೇವರ ಮನೆಯ ಗಂಟೆಯ ನಾಲಿಗೆ ಸಡಿಲವಾಗಿದೆಯೆಂದು ಅದನ್ನೂ ಬಿಗಿ ಮಾಡಿದರು. ಅದೀಗ ಒಂದೇ ಕಡೆ ಬಡಿಯುತ್ತದೆ, ಯಾರೋ ಬಾಗಿಲು ತಟ್ಟಿದ ಹಾಗೆ. ದೇವರು ಬಾಗಿಲು ತೆಗೆಯಲಿ ಅಂತಲೇ ತಾನೇ ನಾವು ಗಂಟೆ ಬಾರಿಸುವುದು ಎಂದು ಸಮಾಧಾನ ಮಾಡಿಕೊಂಡೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕಡಲೆ ಅಗಿಯುತ್ತಿದ್ದೆ. ನಿಜವಾದ ತೊಂದರೆ ಶುರುವಾದದ್ದು ಮನೆಯಲ್ಲಿ ಬಿಚ್ಚಲು ಏನೂ ಉಳಿಯದೇ ಹೋದಾಗ. ಇವರು ಮುಂಬಾಗಿಲ ಮೆಟ್ಟಿಲ ಮೇಲೆ ಕೂರತೊಡಗಿದರು. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಯಾರದೋ ಗಂಟು ಕಾಯುವವರ ಹಾಗೆ. ಮಾತು ಕಡಿಮೆಯಾಯಿತು. ಸಾರಿಗೆ ಉಪ್ಪು ಹಾಕುವುದನ್ನು ಮರೆತ ದಿನ ಕೂಡ ಸುಮ್ಮನೆ ಉಂಡು ಎದ್ದರು. ಮೂವತ್ತೆರಡು ವರ್ಷ ನನ್ನ ಸಾರಿಗೆ ಉಪ್ಪು ಹುಳಿ ಎಂದು ಹೆಸರಿಟ್ಟ ಮನುಷ್ಯ! ಮದುವೆಯಾದ ಹೊಸದರಲ್ಲಿ, ಒಂದು ಹಳೇ ಕಾರು ತೆಗೆದುಕೊಂಡು ಪೂರ್ತಿ ಬಿಚ್ಚಿ ಹೊಸದರಂತೆ ಕಟ್ಟಬೇಕು ಎಂದು ಒಮ್ಮೆ ಅಂದಿದ್ದರು. ಅದು ನೆನಪಾಯಿತು. ದೇವರ ಮುಂದೆ ದೀಪ ಹಚ್ಚಿ, ಒಂದು ಮಂಡಲ, ಅಂದರೆ ನಲವತ್ತೆಂಟು ದಿನದೊಳಗೆ ಇವರ ಕೈಗೆ ಒಂದು ಕೆಟ್ಟ ಕಾರು ದಯಪಾಲಿಸು ಎಂದು ಸಂಕಲ್ಪ ಮಾಡಿದೆ. ಒಳ್ಳೆಯ ಕಾರು ಕೇಳುವವರು ಬಹಳ ಜನ ಇರುತ್ತಾರೆ, ಕೆಟ್ಟದ್ದು ಬೇಗ ಸಿಗಬಹುದು ಎಂಬ ಧೈರ್ಯವಿತ್ತು.

ನನಗೆ ಫೋನಿನಲ್ಲಿ ಗೊತ್ತಿದ್ದದ್ದು ಪಂಚಾಂಗ ಮತ್ತು ಭಜನೆ ಗುಂಪು. ಹಳೇ ಕಾರು ಮಾರುವ ಜಾಗವನ್ನು ನಾನೇ ತಡಕಾಡಿ ಹುಡುಕಿದೆ. ಅನ್ನ ಆರುವ ಹೊತ್ತು, ಬೇಳೆ ಬೇಯುವ ಹೊತ್ತು, ಎಲ್ಲವೂ ಕಾರಿನ ಹೊತ್ತಾಯಿತು. ಅಲ್ಲಿನ ಭಾಷೆಯೇ ಬೇರೆ. 'ಲೇಡಿ ಡ್ರಿವನ್', ಅಂದರೆ ಹೆಂಗಸು ಓಡಿಸಿದ್ದು ಎಂದು ಒಬ್ಬರು ಬರೆದಿದ್ದರು. ನಾವು ಬಳಸಿದ ಪಾತ್ರೆ ಸವೆಯುವುದಿಲ್ಲ ಎಂದು ಜಗತ್ತು ಒಪ್ಪಿಕೊಂಡದ್ದು ಸಂತೋಷವೇ. 'ಸೀರಿಯಸ್ ಆದವರು ಮಾತ್ರ ಸಂಪರ್ಕಿಸಿ' ಎಂದು ಇನ್ನೊಬ್ಬರದು. ಪಾಪ, ಅವರಿಗೆ ಅನುಮಾನ ಬೇಡವೆಂದು "ನಮಸ್ಕಾರ, ನಾನು ತುಂಬಾ ಸೀರಿಯಸ್ ಇದ್ದೇನೆ" ಎಂದು ಬರೆದೆ. "ಅಯ್ಯೋ, ಯಾವ ಆಸ್ಪತ್ರೆ ಆಂಟಿ?" ಎಂದು ಉತ್ತರ ಬಂತು.

ಎಂಜಿನ್ನು, ಗೇರು ನನಗೆ ತಿಳಿಯದು. ಆದರೆ ಫೋಟೋದಲ್ಲಿ ಕಾರಿನ ಹಿಂದೆ ಮನೆ ಕಾಣುತ್ತದಲ್ಲ, ಅದು ಚೆನ್ನಾಗಿ ತಿಳಿಯುತ್ತದೆ. ರಂಗೋಲಿ ನಿನ್ನೆಯದೋ ಇವತ್ತಿನದೋ, ತುಳಸಿ ಒಣಗಿದೆಯೋ, ಒಗೆದ ಬಟ್ಟೆ ಕೊಡವಿ ಹಾಕಿದ್ದಾರೋ ಹಿಂಡಿದ ಹಾಗೇ ನೇತುಹಾಕಿದ್ದಾರೋ, ಎಲ್ಲ ದೊಡ್ಡದು ಮಾಡಿ ನೋಡುತ್ತಿದ್ದೆ. ಅಂಗಳ ಗುಡಿಸದವರು ಎಂಜಿನ್ ಆಯಿಲ್ ಬದಲಾಯಿಸಿರುತ್ತಾರೆಯೇ? ಬಸವೇಶ್ವರನಗರದ ಕೆಂಪು ಕಾರೊಂದನ್ನು ಮೆಟ್ಟಿಲ ಮೇಲಿನ ಎಂಜಲು ತಟ್ಟೆ ನೋಡಿ ಬಿಟ್ಟೆ. ವಿಜಯನಗರದ ಕಾರಿನ ಬಾನೆಟ್ಟಿನ ಮೇಲೆ ಬೀದಿನಾಯಿ ನೆಮ್ಮದಿಯಾಗಿ ಮಲಗಿತ್ತು. ಒಳ್ಳೆಯ ಜನವಿರಬೇಕೆಂದು ಫೋನು ಮಾಡುವಷ್ಟರಲ್ಲಿ ಅದು ಮಾರಿಹೋಗಿತ್ತು. ಇವರು ಹಿಂದಿನಿಂದ ಇಣುಕಿ, "ಕಾರು ನೋಡ್ತಿದೀಯೋ, ಹೆಣ್ಣು ನೋಡ್ತಿದೀಯೋ? ಈ ವಯಸ್ಸಲ್ಲಿ ಅದೆಲ್ಲ ಯಾಕೆ ಕಣೇ, ಬಿಡು" ಎಂದು ಮತ್ತೆ ಮೆಟ್ಟಿಲಿಗೆ ಹೋದರು. ನಾನು ಬಿಡಲಿಲ್ಲ.

ಮೂವತ್ತೊಂಬತ್ತನೆಯ ದಿನ ಕೆಂಗೇರಿಯ ಕಾರು ಕಂಡಿತು. ಬಿಳಿ ಬಣ್ಣದ, ತಿಂಡಿ ಡಬ್ಬಿಯಷ್ಟೇ ಇದ್ದ ಹಳೆಯ ಕಾರು. 'ಎರಡು ವರ್ಷದಿಂದ ಓಡುತ್ತಿಲ್ಲ' ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಆದರೆ ಸ್ಟೇರಿಂಗಿನ ಪಕ್ಕ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಗಲದ ಗಣಪತಿ, ಅವನ ತಲೆಯ ಮೇಲೆ ಆಗತಾನೇ ಕಿತ್ತ ದಾಸವಾಳ! ಓಡದ ಕಾರಿನ ಗಣಪತಿಗೆ ಎರಡು ವರ್ಷದಿಂದ ಹೂವಿಡುವವರು ಸುಳ್ಳು ಹೇಳಲಾರರು. ನಾನು ಆರಿಸಿದ್ದು ಕಾರನ್ನಲ್ಲ, ಆ ಗಣಪತಿಯನ್ನು. ರಾಹುಕಾಲ ಕಳೆದ ಮೇಲೆ ಇವರನ್ನು ಹೊರಡಿಸಿದೆ. ನಮ್ಮ ಹೇರೋಹಳ್ಳಿಯಿಂದ ನಾಯಂಡಹಳ್ಳಿಗೆ ಬಸ್ಸು, ಅಲ್ಲಿಂದ ಮೆಟ್ರೋ. ದಾರಿಯುದ್ದಕ್ಕೂ ನನಗೆ ಪಾಠ: "ಅಲ್ಲಿ ಹೋಗಿ ಚೆನ್ನಾಗಿದೆ ಅನ್ಬೇಡ. ಮುಖ ಗಂಟು ಹಾಕ್ಕೊಂಡಿರು. ಮಾತಾಡೋದು ನನಗೆ ಬಿಡು."

ಮಾತೇನೋ ಆಡಲಿಲ್ಲ. ಆದರೆ ಕಾರಿನ ಕಿಟಕಿಯಲ್ಲಿ ಗಣಪತಿ ಕಂಡ ತಕ್ಷಣ ನನಗರಿವಿಲ್ಲದೆ ಕೈ ಮುಗಿದೆ, ಕೆನ್ನೆ ಕೆನ್ನೆ ಬಡಿದುಕೊಂಡೆ. ಮಾರುವವರು ನಿವೃತ್ತ ಮೇಷ್ಟ್ರು. "ಅಮ್ಮಾವ್ರಿಗೆ ಒಪ್ಪಿಗೆ ಆದಂಗಿದೆ" ಎಂದು ನಕ್ಕರು. ಇವರು ನನ್ನನ್ನು ಒಮ್ಮೆ ಕೆಕ್ಕರಿಸಿ ನೋಡಿ ಕಾರಿನ ಕೆಳಗೆ ತೂರಿದರು. ಎದ್ದು ಕೈ ಕೊಡವಿಕೊಂಡು, "ಸಾರ್, ತಪ್ಪು ತಿಳ್ಕೋಬೇಡಿ. ಫ್ಲೋರೆಲ್ಲಾ ತುಕ್ಕು. ಇದು ಕಾರಲ್ಲ, ಜರಡಿ. ನಡಿಯೇ, ಹೊರಡೋಣ" ಎಂದರು.

ಇವತ್ತು ಬರಿಗೈಯಲ್ಲಿ ಹೋದರೆ ಇವರು ಇನ್ನೊಂದು ಕಾರು ನೋಡಲು ಮೆಟ್ಟಿಲು ಬಿಟ್ಟು ಏಳುವುದಿಲ್ಲ, ನನಗೆ ಗೊತ್ತು. ಅಷ್ಟರಲ್ಲಿ ಕಾಫಿ ತಂದ ಮೇಷ್ಟ್ರ ಹೆಂಡತಿ ಪದ್ಮಮ್ಮನವರು, "ನೀವು ತಗೊಂಡ್ರೂ ನಮ್ ಗಣಪತೀನ ಮಾತ್ರ ಕೊಡಲ್ಲ ಕಣ್ರೀ" ಎಂದರು.

ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಅದೇ ಸಾರ್ ತೊಂದರೆ. ಕಾರು ತಂದ ದಿನ ನಾನೇ ಗಮ್ ಹಾಕಿ ಕೂರಿಸಿದ್ದು. ಈಗ ಮೆಕ್ಯಾನಿಕ್‌ಗಳು ಎಳೆದ್ರೆ ಒಡೆಯುತ್ತೆ ಅಂತಾರೆ. ಇವಳು ಮುಟ್ಟೋಕೂ ಬಿಡಲ್ಲ, ಗಣಪತಿ ಸಮೇತ ಕಳ್ಸೋಕೂ ಬಿಡಲ್ಲ. ಬಂದವರೆಲ್ಲ ಕಾಫಿ ಕುಡ್ಕೊಂಡು ಹೋಗ್ತಾರೆ."

"ಒಡೆದ ದೇವರನ್ನ ಮನೇಲಿ ಇಟ್ಕೊಳ್ಳೋಕಾಗುತ್ತಾ, ನೀವೇ ಹೇಳಿ" ಎಂದು ಪದ್ಮಮ್ಮ ನನ್ನನ್ನು ಕೇಳಿದರು. ಆಗುವುದಿಲ್ಲ ಎಂದೆ. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಆದರೆ ನಾನಿದ್ದದ್ದು ನನ್ನ ಜಾಗದಲ್ಲಿ!

ಗೇಟಿನವರೆಗೆ ಹೋಗಿದ್ದ ಇವರು ತಿರುಗಿ ಬಂದರು. ಕಾರಿನೊಳಗೆ ಬಗ್ಗಿ ಗಣಪತಿಯ ಪೀಠವನ್ನು ಉಗುರಿನಿಂದ ಸವರಿದರು. "ಇದನ್ನ ಎಳೀಬಾರದು, ಕುಯ್ಯಬೇಕು. ಅಮ್ಮಾ, ಸರ ಪೋಣಿಸೋ ನೈಲಾನ್ ದಾರ ಇದ್ಯಾ? ಸ್ವಲ್ಪ ಎಣ್ಣೆ ಬೆಚ್ಚಗೆ ಮಾಡ್ಕೊಡಿ" ಎಂದರು. ಆಮೇಲೆ ಅರ್ಧ ಗಂಟೆ ಅದೇ ಕೆಲಸ. ದಾರದ ಎರಡು ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಪೀಠದ ಅಡಿಗೆ ತೂರಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಒಂದು ತೊಟ್ಟು ಎಣ್ಣೆ. ಮತ್ತೆ ಎಡಕ್ಕೆ, ಬಲಕ್ಕೆ. ಇವರ ನಾಲಿಗೆಯ ತುದಿ ಹಲ್ಲಿನ ನಡುವೆ ಇಣುಕುತ್ತಿತ್ತು. ಎಷ್ಟು ತಿಂಗಳಾಗಿತ್ತು ಆ ನಾಲಿಗೆಯ ತುದಿ ನೋಡಿ! ನಾನು ಮನಸ್ಸಿನಲ್ಲೇ ಗಣಪತಿಗೆ ಹೇಳಿಕೊಂಡೆ: ನೀನು ಇಳಿಯಪ್ಪ, ಪರವಾಗಿಲ್ಲ. ಇವರು ಹತ್ತಿದರೆ ಸಾಕು.

ಗಣಪತಿ ಒಂದು ಚೂರೂ ಮುಕ್ಕಾಗದೆ ಎದ್ದು ಬಂದ. ಪದ್ಮಮ್ಮ ಸೆರಗಿನಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. "ಏನು ತೋಚುತ್ತೋ ಅದು ಕೊಟ್ಟು ತಗೊಂಡ್ಹೋಗಿ ಸಾರ್" ಎಂದರು ಮೇಷ್ಟ್ರು. ಇವರ ಗಮನ ಅಲ್ಲಿರಲಿಲ್ಲ. ಬಾನೆಟ್ ತೆಗೆದು ಅರ್ಧ ಮೈ ಒಳಗೆ ಹಾಕಿದ್ದರು. "ಎಂಜಿನ್ ಜಾಮ್ ಆಗಿಲ್ಲ ಕಣೇ, ತಿರುಗುತ್ತೆ! ಫ್ಲೋರ್ ಪೂರಾ ಕಟ್ ಮಾಡಿ ಹೊಸ ಶೀಟ್ ವೆಲ್ಡ್ ಮಾಡಿಸ್ಬೇಕು. ಬ್ರೇಕ್ ಬಿಚ್ಬೇಕು. ಮೂರು ತಿಂಗಳ ಕೆಲಸ, ಸಾಯ್ಬೇಕು." ಮಾತು ಗೊಣಗುವವರದು, ದನಿ ಬೇಸಿಗೆ ರಜೆಯ ಮಕ್ಕಳದು.

ಕಾರನ್ನು ಟೋಯಿಂಗ್ ಗಾಡಿ ಎಳೆದು ತಂದಿತು. ನಮ್ಮ ರಸ್ತೆಯ ಗುಂಡಿಗಳಲ್ಲಿ ಹಿಂದಿನ ಬಂಪರ್ ಕಳಚಿ ಬಿತ್ತು. ದೇವರ ದಯೆ, ಮುಂದಿನದು ಬೀಳಲಿಲ್ಲ. ಇವರೀಗ ಬೆಳಿಗ್ಗೆ ಕಾಫಿ ಕುಡಿದು ಕಾರಿನ ಕೆಳಗೆ ಹೋದರೆ ಊಟಕ್ಕೆ ಮೂರು ಸಲ ಕರೆಯಬೇಕು. ಸಾರಿಗೆ ಹೆಸರಿಡುವುದೂ ಮತ್ತೆ ಶುರುವಾಗಿದೆ. "ಟಾರ್ಚ್ ಹಿಡಿ ಬಾರೇ. ಅಲ್ಲಲ್ಲ, ಇಲ್ಲಿ. ನನ್ನ ಮುಖಕ್ಕಲ್ಲ!" ಎಂದು ದಿನಕ್ಕೆ ಎಂಟು ಸಲ ಕರೆಯುತ್ತಾರೆ. ಸ್ಪ್ಯಾನರಿನ ನಂಬರುಗಳು ನನಗೀಗ ಬಾಯಿಪಾಠ.

ಹೋದ ಶುಕ್ರವಾರ ಎದುರು ಮನೆ ಶಾಂತಮ್ಮನವರು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ತಾಂಬೂಲಕ್ಕೆ ಕೈಯೊಡ್ಡಿದೆ. "ಇದೇನ್ರೀ ಉಗುರೆಲ್ಲ ಕಪ್ಪು?" ಎಂದರು, ಹತ್ತು ಜನ ಹೆಂಗಸರ ಮುಂದೆ. ಎರಡು ಸಲ ಸೋಪು ಹಾಕಿ ತೊಳೆದಿದ್ದೆ, ಗ್ರೀಸು ಹೋಗಿರಲಿಲ್ಲ. ನಾಚಿಕೆಯಾಗಬೇಕಿತ್ತು. ಬದಲಿಗೆ ನಾನು ಕೊರಳು ಕೊಂಕಿಸಿ, "ಇವತ್ತು ಬ್ರೇಕ್ ಬಿಚ್ಚಿದ್ವಿ ಕಣ್ರೀ, ಹಿಂದಿನದೆರಡೂ" ಎಂದೆ. ಬಿಚ್ಚಿದ್ದು ಇವರು, ನಾನು ಟಾರ್ಚ್ ಹಿಡಿದವಳು. ಆ ಅಹಂಕಾರಕ್ಕೆ ಮನೆಗೆ ಬಂದವಳೇ ದೇವರ ಮುಂದೆ ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಎತ್ತಿಟ್ಟೆ. ನಾಳೆ ಗೇರ್‌ಬಾಕ್ಸ್ ಇಳಿಸುತ್ತೇವೆ; ಅದಕ್ಕೂ ಸೇರಿಸಿ ಇನ್ನೊಂದು ಹನ್ನೊಂದು ಇಟ್ಟುಬಿಟ್ಟಿದ್ದೇನೆ.